ಇನ್ನೂ ಹಸಿಯಾಗಿದ್ದ ಪೇಸ್ಟ್

“ಮಾತಾಜಿ, ನಾನು ಮಾಡಿದ ಕೆಲಸವನ್ನು ನಾನೇ ಮೂರು ಸಲ ಪರೀಕ್ಷಿಸಿದೆ. ತಪ್ಪು ಸಿಗಲಿಲ್ಲ. ಆದರೂ ಒಬ್ಬರು ತಪ್ಪಿದೆ ಎನ್ನುತ್ತಿದ್ದರು. ಇಂಥ ಕಡೆ ಯಾರನ್ನು ನಂಬಬೇಕು, ಕಣ್ಣಾರೆ ನೋಡಿದ ನನ್ನನ್ನೋ, ಬಾಯಲ್ಲಿ ಹೇಳಿದ ಅವರನ್ನೋ?”

ಕೇಳಿದವಳು ಸುಗುಣಾ. ಆಶ್ರಮದಲ್ಲಿ ಹಾಸಿಗೆ ಹಿಡಿದ ವೃದ್ಧೆಯರ ಕೊಠಡಿ ಅವಳ ಹೊಣೆ. ಆ ಕೊಠಡಿಯಲ್ಲಿ ಒಂದು ಲೋಟವೂ ತನ್ನ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಹಾಸಿದ ಬಟ್ಟೆಯಲ್ಲಿ ಒಂದು ಮಡಿಕೆ ಕಂಡರೆ ಅವಳು ಇಡೀ ಬಟ್ಟೆಯನ್ನು ತೆಗೆದು ಮತ್ತೆ ಹಾಸುತ್ತಿದ್ದಳು.

ನಡೆದದ್ದನ್ನು ಹೇಳು ಎಂದರು ಮಾತಾಜಿ.

ಸುಗುಣಾ ಹೇಳಿದಳು. ತುಂಗಾಬಾಯಿ ಎಂಬವರು ಸೊಂಟದ ಮೂಳೆ ಮುರಿದು ಎರಡು ತಿಂಗಳಿಂದ ಅಂಗಾತ ಮಲಗಿದ್ದಾರೆ. ವಯಸ್ಸು ಎಂಬತ್ತಾರು. ಬಹಳ ಸಂಕೋಚದ ಹೆಂಗಸು. ಮೈ ಒರೆಸುವಾಗಲೂ ಸೆರಗು ಬಿಡುವುದಿಲ್ಲ, ಹಾಗಾಗಿ ಮುಖ, ಕೈಕಾಲು ಒರೆಸಿ ಬಿಡುವುದು. ಬೆನ್ನಿಗೆ ಏನೋ ಒತ್ತುತ್ತದೆ ಎಂದು ಅವರು ದಿನವೂ ಹೇಳುತ್ತಿದ್ದರು. ಸುಗುಣಾ ಅವರನ್ನು ಪಕ್ಕದ ಮಂಚಕ್ಕೆ ಸರಿಸಿ ಹಾಸಿಗೆಯನ್ನು ಅಂಗೈಯಿಂದ ಸವರಿ ನೋಡಿದಳು. ಇನ್ನೊಂದು ದಿನ ಮಂಚದ ಹಲಗೆಗಳನ್ನು ನೋಡಿದಳು. ಮೂರನೆಯ ಸಲ ಹಾಸಿಗೆಯ ಹೊಲಿಗೆಯನ್ನೇ ಬಿಚ್ಚಿ ಹತ್ತಿಯನ್ನು ಬಿಡಿಸಿ ನೋಡಿದಳು. ಒಂದು ಗಂಟೂ ಇರಲಿಲ್ಲ. ಕೊನೆಗೆ, ಹಾಸಿಗೆಯಲ್ಲಿ ಏನೂ ಇಲ್ಲ ಅಜ್ಜಿ, ಒತ್ತುವುದೆಲ್ಲ ನಿಮ್ಮ ತಲೆಯೊಳಗೆ ಎಂದುಬಿಟ್ಟಳು. ಕೊಠಡಿಯ ಉಳಿದವರು ನಕ್ಕರು. ತುಂಗಾಬಾಯಿಯೂ ಸ್ವಲ್ಪ ನಕ್ಕರು.

“ಆಮೇಲೆ?” ಎಂದರು ಮಾತಾಜಿ.

“ಮೂರು ದಿನವಾಯಿತು, ಮತ್ತೆ ಆ ಮಾತೇ ಎತ್ತಿಲ್ಲ. ಕೊಠಡಿಯಲ್ಲಿ ಏನೋ ವಾಸನೆ ಬರುತ್ತದೆ ಎಂದು ಪಕ್ಕದ ಮಂಚದವರು ಹೊಸದೊಂದು ರಾಗ ತೆಗೆದಿದ್ದಾರೆ. ನೆಲಕ್ಕೆ ದಿನಕ್ಕೆರಡು ಸಲ ಫಿನಾಯಿಲ್ ಹಾಕಿಸುತ್ತಿದ್ದೇನೆ. ತುಂಗಾಬಾಯಿಯ ಬುದ್ಧಿ ಮಂಕಾಗುತ್ತಿದೆ ಎಂದು ಆಶ್ರಮದ ಪುಸ್ತಕದಲ್ಲಿ ಬರೆಯಬೇಕು ಅಂತಿದ್ದೇನೆ. ತಮ್ಮ ಅಪ್ಪಣೆ ಆಗಬೇಕು.”

ಮಾತಾಜಿ ಅವಳನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬನಿದ್ದ. ಅವನಿಗೆ ಒಬ್ಬಳು ಅಕ್ಕ. ತಾಯಿ ಬೇಗ ತೀರಿಹೋದ್ದರಿಂದ ಅವನನ್ನು ಬೆಳೆಸಿದವಳು ಅವಳೇ. ಅವಳು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು. ಮಕ್ಕಳ ಬರಹದಲ್ಲಿ ಒಂದು ಕೊಂಬು ತಪ್ಪಿದ್ದರೂ ಅವಳ ಕೆಂಪು ಗೆರೆ ಅಲ್ಲಿ ಬೀಳುತ್ತಿತ್ತು. ತಮ್ಮನಿಗೂ ವಿನಾಯಿತಿ ಇರಲಿಲ್ಲ. ಅವಳು ಮದುವೆಯಾಗಲಿಲ್ಲ. ತಮ್ಮನ ಮದುವೆ ಮಾಡಿಸಿ ಅವನ ಮನೆಯಲ್ಲೇ ಉಳಿದಳು.

ಅಕ್ಕನಿಗೆ ಒಂದು ರೋಗ ಬಂತು. ಮೊದಲು ಕೈ ಹೋಯಿತು. ಆಮೇಲೆ ಕಾಲು. ಆಮೇಲೆ ನಾಲಿಗೆ. ಕೊನೆಗೆ ಮೈಯಲ್ಲಿ ಅವಳ ಮಾತು ಕೇಳುವಂಥದ್ದಾಗಿ ಉಳಿದದ್ದು ಎರಡು ಕಣ್ಣು ಮಾತ್ರ. ಮೇಲೆ ನೋಡಿದರೆ ಹೌದು, ಕೆಳಗೆ ನೋಡಿದರೆ ಬೇಡ ಎಂದು ಮನೆಯವರು ಗೊತ್ತು ಮಾಡಿಕೊಂಡರು. ಅಷ್ಟರಲ್ಲಿ ಎಷ್ಟು ಮಾತಾಡಲು ಸಾಧ್ಯ?

ತಮ್ಮ ಕೈಕಟ್ಟಿ ಕೂರಲಿಲ್ಲ. ಅವಳಿಗಾಗಿ ಒಂದು ಯಂತ್ರ ಜೋಡಿಸಿದ. ಎದುರಿಗೆ ಪರದೆ, ಪರದೆಯ ಮೇಲೆ ಅಕ್ಷರಮಾಲೆ, ಕೆಳಗೆ ಕಣ್ಣನ್ನು ನೋಡುವ ಕ್ಯಾಮೆರಾ. ಅವಳ ಕಣ್ಣು ಯಾವ ಅಕ್ಷರದ ಮೇಲೆ ನಿಲ್ಲುತ್ತದೋ ಆ ಅಕ್ಷರ ಮೂಡುತ್ತಿತ್ತು. ವಾಕ್ಯ ಮುಗಿದಾಗ ಯಂತ್ರ ಅದನ್ನು ಹೆಂಗಸಿನ ದನಿಯಲ್ಲಿ ಓದಿ ಹೇಳುತ್ತಿತ್ತು. ಎಂಟು ತಿಂಗಳು ಮಾತಿಲ್ಲದೆ ಇದ್ದ ಅಕ್ಕ ಮೊದಲು ಬರೆದ ವಾಕ್ಯ ಇದು: “ನಿನ್ನ ಮೀಸೆ ಎಡಗಡೆ ಉದ್ದವಾಗಿದೆ. ಸರಿಮಾಡಿಕೊಂಡು ಬಾ.”

ತಮ್ಮ ಅತ್ತುಬಿಟ್ಟ. ಆಮೇಲೆ ಹೋಗಿ ಮೀಸೆ ಸರಿಮಾಡಿಕೊಂಡು ಬಂದ.

ಆ ದಿನದಿಂದ ಮನೆಯಲ್ಲಿ ಅಕ್ಕನ ಮಾತು ಮತ್ತೆ ಶುರುವಾಯಿತು. ಸಾರಿಗೆ ಉಪ್ಪು ಜಾಸ್ತಿಯಾದರೆ ಹೇಳುತ್ತಿದ್ದಳು. ತಮ್ಮನ ಹೆಂಡತಿ ಬರೆದ ಸಾಮಾನಿನ ಪಟ್ಟಿಯನ್ನು ತಿದ್ದುತ್ತಿದ್ದಳು. ಪಕ್ಕದ ಮನೆಯವರು ಬಂದು ಅಯ್ಯೋ ಪಾಪ ಎಂದರೆ, ಪಾಪ ನಿಮ್ಮ ಸೊಸೆ ಎಂದು ಬರೆಯುತ್ತಿದ್ದಳು. ಯಂತ್ರದ ದನಿಯನ್ನು ಮನೆಯವರು ಅಕ್ಕನ ದನಿ ಎಂದೇ ತಿಳಿದರು.

ಇಲ್ಲಿ ನೀನು ಯಂತ್ರದ ಒಂದು ಸಂಗತಿ ತಿಳಿಯಬೇಕು. ಕಂಪ್ಯೂಟರಿನ ಒಳಗೆ ಪ್ರೊಸೆಸರ್ ಎಂಬ ಸಣ್ಣ ಬಿಲ್ಲೆ ಇರುತ್ತದೆ. ಕೆಲಸವೆಲ್ಲ ಅದರದು. ಕೆಲಸ ಮಾಡಿದಷ್ಟೂ ಅದು ಬಿಸಿಯಾಗುತ್ತದೆ. ಅದರ ಮೇಲೆ ಕೂಲರ್ ಎಂಬ ಲೋಹದ ದಿಂಡು ಕೂರುತ್ತದೆ. ದಿಂಡು ಬಿಸಿಯನ್ನು ಹೀರಬೇಕು, ಅದಕ್ಕೆ ಕಟ್ಟಿದ ಫ್ಯಾನ್ ಹೊರಗೆ ಊದಬೇಕು. ಎರಡೂ ಲೋಹದ ಮುಖಗಳು ನುಣುಪಾಗಿ ಕಂಡರೂ ಅವುಗಳಲ್ಲಿ ಕಣ್ಣಿಗೆ ಕಾಣದ ಕುಳಿಗಳಿವೆ. ಆ ಕುಳಿಗಳಲ್ಲಿ ಗಾಳಿ ನಿಂತರೆ ಬಿಸಿ ದಾಟುವುದಿಲ್ಲ. ಆದ್ದರಿಂದ ನಡುವೆ ಬೂದುಬಣ್ಣದ ಒಂದು ಪೇಸ್ಟ್ ಹಚ್ಚುತ್ತಾರೆ. ತೊಗರಿಕಾಳಿನಷ್ಟು ಸಾಕು. ಕೂಲರ್ ಕೂತಾಗ ಅದು ಹರಡಿ ಕುಳಿಗಳನ್ನೆಲ್ಲ ತುಂಬುತ್ತದೆ.

ಈ ಪೇಸ್ಟಿಗೆ ಒಂದು ನಿಯಮವಿದೆ. ಕೂಲರನ್ನು ಒಮ್ಮೆ ಎತ್ತಿದರೆ ಪೇಸ್ಟಿನ ಪದರ ಹರಿಯುತ್ತದೆ. ಅದರ ಮೇಲೆಯೇ ಮತ್ತೆ ಕೂರಿಸಿದರೆ ಹರಿದ ಕಡೆ ಗಾಳಿ ಸಿಕ್ಕಿಕೊಳ್ಳುತ್ತದೆ. ಎತ್ತಿದ ಮೇಲೆ ಎರಡೂ ಮುಖಗಳನ್ನು ಸ್ಪಿರಿಟ್ ಹಾಕಿ ಒರೆಸಬೇಕು. ಹೊಸದಾಗಿ ಹಚ್ಚಬೇಕು. ಒಂದು ನಿಮಿಷಕ್ಕೆ ಎತ್ತಿದರೂ ಅಷ್ಟೇ. ರಿಪೇರಿಯವನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಒರೆಸದೆ ಕೂರಿಸುವ ಬೇರೆ ಅಂಗಡಿಯವರನ್ನು ಅವನು ಗಿರಾಕಿಗಳ ಮುಂದೆ ಆಡಿಕೊಳ್ಳುತ್ತಿದ್ದ. ಒಬ್ಬರು ಉಂಡೆದ್ದ ಎಲೆಯಲ್ಲೇ ಮತ್ತೊಬ್ಬರಿಗೆ ಬಡಿಸಿದ ಹಾಗೆ ಎನ್ನುತ್ತಿದ್ದ.

ಆಯುಧಪೂಜೆ ಬಂತು. ಅವನ ಅಂಗಡಿಯಲ್ಲಿ ಸ್ಕ್ರೂಡ್ರೈವರಿನಿಂದ ಹಿಡಿದು ಸ್ಕೂಟರಿನವರೆಗೆ ಎಲ್ಲಕ್ಕೂ ಪೂಜೆ. ಅಕ್ಕನ ಯಂತ್ರಕ್ಕೂ ಆಗಬೇಕು. ಹಿಂದಿನ ವರ್ಷ ಹಚ್ಚಿದ ವಿಭೂತಿ ಒಳಗೆ ಸೇರಿ ಫ್ಯಾನಿನ ರೆಕ್ಕೆಗೂ ಕೂಲರಿನ ಸಂದುಗಳಿಗೂ ಅಂಟಿತ್ತು. ಬ್ರಷ್ಷು ಅಲ್ಲಿಗೆ ಹೋಗಲಿಲ್ಲ. ಪೂಜೆಗೆ ಇಡುವ ವಸ್ತು ಕೊಳೆಯಾಗಿರಬಾರದು ಎಂದು ಅವನು ಕೂಲರನ್ನೇ ಬಿಚ್ಚಿ ಎತ್ತಿದ. ಬಿಚ್ಚುವ ಮೊದಲು ಅಕ್ಕನನ್ನು ಕೇಳಿದ್ದ, ಸ್ವಲ್ಪ ಹೊತ್ತು ಸುಮ್ಮನಿರುತ್ತೀಯಾ ಎಂದು. ಅವಳು, ನಿನಗೆ ಅದೇ ಹಬ್ಬ ಎಂದು ಬರೆದಿದ್ದಳು.

ಕೂಲರಿನ ಅಡಿಯಲ್ಲಿ ಪೇಸ್ಟ್ ಇನ್ನೂ ಹಸಿಯಾಗಿತ್ತು. ಅಂಚಿನಿಂದ ಅಂಚಿಗೆ ಸಮನಾಗಿ ಹರಡಿತ್ತು. ತಾನು ಹಚ್ಚಿದ್ದು ಹೇಗೆ ಕೂತಿದೆ ಎಂದು ಅವನು ಹೆಮ್ಮೆಯಿಂದ ನೋಡಿದ. ಒರೆಸಲು ಬಟ್ಟೆ ಕೈಗೆತ್ತಿಕೊಂಡ. ಪೇಸ್ಟಿನ ಟ್ಯೂಬ್ ಒತ್ತಿದರೆ ಖಾಲಿ. ಹಬ್ಬಕ್ಕೆ ಅಂಗಡಿಗಳೆಲ್ಲ ಮುಚ್ಚಿದ್ದವು. ಒರೆಸಿದರೆ ಯಂತ್ರ ನಿಲ್ಲುತ್ತದೆ. ಅಕ್ಕ ಎರಡು ದಿನ ಮೂಕಿಯಾಗಿ ಇರಬೇಕಾಗುತ್ತದೆ. ಅವನು ಬಟ್ಟೆ ಕೆಳಗಿಟ್ಟ. ಕೂಲರಿನ ಸಂದುಗಳನ್ನು ತೊಳೆದು ಒಣಗಿಸಿ ಹಳೆಯ ಪೇಸ್ಟಿನ ಮೇಲೆಯೇ ಕೂರಿಸಿ ಸ್ಕ್ರೂ ಬಿಗಿದ. ಹಬ್ಬ ಮುಗಿದ ಮೇಲೆ ಹೊಸದಾಗಿ ಹಚ್ಚೋಣ ಎಂದುಕೊಂಡ. ಯಂತ್ರಕ್ಕೆ ಹೂವಿಟ್ಟು ಆರತಿ ಎತ್ತಿದರು.

ಹಬ್ಬ ಮುಗಿಯಿತು. ಯಂತ್ರ ನಡೆಯುತ್ತಿತ್ತು. ನಡೆಯುತ್ತಿರುವುದನ್ನು ಯಾರು ಬಿಚ್ಚುತ್ತಾರೆ? ಅವನು ಮರೆತ.

ಅಂಥ ಯಂತ್ರ ಒಮ್ಮೆಗೇ ಕೆಡುವುದಿಲ್ಲ, ಸುಗುಣಾ. ಬಿಸಿ ಹೆಚ್ಚಿದಾಗ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಕೂಗಿ ಹೇಳುವುದಿಲ್ಲ. ನಿಲ್ಲುವುದೂ ಇಲ್ಲ. ಅಕ್ಕ ಒಂದು ಅಕ್ಷರ ನೋಡುತ್ತಿದ್ದಳು. ಯಂತ್ರ ಅದನ್ನು ಗುರುತಿಸುವಷ್ಟರಲ್ಲಿ ಅವಳ ಕಣ್ಣು ಮುಂದಿನ ಅಕ್ಷರಕ್ಕೆ ಹೊರಟಿರುತ್ತಿತ್ತು. ನಡುವೆ ಸಿಕ್ಕ ಯಾವುದೋ ಅಕ್ಷರ ಪರದೆಯ ಮೇಲೆ ಬೀಳುತ್ತಿತ್ತು. ಮೊದಮೊದಲು ಬೆಳಿಗ್ಗೆ ಎರಡು ಗಂಟೆ ಸರಿಯಾಗಿ ಬರೆದು ಆಮೇಲೆ ತಪ್ಪುತ್ತಿದ್ದಳು. ಒಳಗೆ ಪೇಸ್ಟ್ ಒಣಗುತ್ತ ಹೋಯಿತು. ಎರಡು ಗಂಟೆ ಒಂದಾಯಿತು. ಒಂದು ಅರ್ಧವಾಯಿತು. ಯಂತ್ರದ ರೋಗ ಅಕ್ಕನ ರೋಗದ ಹಾಗೆಯೇ ಬೆಳೆಯಿತು.

ಡಾಕ್ಟರು ಮೊದಲೇ ಹೇಳಿದ್ದರು. ಈ ರೋಗದಲ್ಲಿ ಕೆಲವರಿಗೆ ಕೊನೆಕೊನೆಗೆ ಬುದ್ಧಿಯೂ ಮಂಕಾಗುತ್ತದೆ, ಮಾತು ಕಲಸಿಹೋದರೆ ಗಾಬರಿ ಬೀಳಬೇಡಿ ಎಂದು. ತಮ್ಮ ಆ ಮಾತನ್ನು ನೆನಪಿಟ್ಟುಕೊಂಡಿದ್ದ. ಜೀವಮಾನದಲ್ಲಿ ಒಂದು ಕೊಂಬನ್ನೂ ತಪ್ಪದ ಅಕ್ಕನ ಸಾಲುಗಳು ಹರಿದು ಬರುವುದನ್ನು ನೋಡಿ, ಆ ದಿನ ಬಂತು ಎಂದುಕೊಂಡ. ಬೆಳಗಿನ ಹೊತ್ತು ಸ್ವಲ್ಪ ತಿಳಿಯಾಗಿರುತ್ತಾರೆ, ಆಮೇಲೆ ಇರುವುದಿಲ್ಲ ಎಂದು ಅವನ ಹೆಂಡತಿ ನೆಂಟರಿಗೆ ಹೇಳುತ್ತಿದ್ದಳು. ಮೆಲ್ಲಗೆ ಹೇಳುತ್ತಿದ್ದಳು. ಅಕ್ಕನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ಒಂದು ಬೆಳಿಗ್ಗೆ ಯಂತ್ರ ಹಾಕಿದ ಕೂಡಲೇ ಅಕ್ಕ ಬರೆದಳು: “ಯಂತ್ರ ನೋಡು. ನಾನು ಸರಿಯಿದ್ದೇನೆ.”

ತಮ್ಮ ಯಂತ್ರದ ಬದಿಯ ತಗಡು ತೆಗೆದು ನೋಡಿದ. ಫ್ಯಾನ್ ತಿರುಗುತ್ತಿತ್ತು. ದೀಪ ಉರಿಯುತ್ತಿತ್ತು. ಧೂಳಿರಲಿಲ್ಲ. ಕೂಲರನ್ನು ಹಿಡಿದು ಅಲುಗಾಡಿಸಿದ, ಗಟ್ಟಿಯಾಗಿ ಕೂತಿತ್ತು. ಒಳಗೆ ಬಿಸಿ ಎಷ್ಟಿದೆ ಎಂದು ತೋರಿಸುವ ಅಂಕಿಯನ್ನು ಪರದೆಯ ಮೇಲೆ ತರಿಸಬಹುದು. ಗಿರಾಕಿಯ ಯಂತ್ರವಾಗಿದ್ದರೆ ಅವನು ಮೊದಲು ನೋಡುತ್ತಿದ್ದದ್ದು ಅದನ್ನೇ. ಇದು ಅವನೇ ಜೋಡಿಸಿದ ಯಂತ್ರ. ಅವನು ಅದನ್ನು ನೋಡಲಿಲ್ಲ. ಅಕ್ಕನ ಕುರ್ಚಿಯಲ್ಲಿ ಕೂತು ಒಂದು ಗಂಟೆ ತಾನೇ ಬರೆದು ನೋಡಬಹುದಿತ್ತು. ಅದೂ ಅವನಿಗೆ ಹೊಳೆಯಲಿಲ್ಲ.

“ನೋಡಿದೆ ಅಕ್ಕ. ಯಂತ್ರ ಸರಿಯಿದೆ,” ಎಂದ. ಮಗುವಿಗೆ ಹೇಳುವ ದನಿಯಲ್ಲಿ ಹೇಳಿದ.

ಅಕ್ಕ ಅವನ ಮುಖವನ್ನೇ ನೋಡಿದಳು. ಆಮೇಲೆ ಕಣ್ಣನ್ನು ಪರದೆಯ ಕಡೆ ತಿರುಗಿಸಿ, “ಸರಿ,” ಎಂದು ಬರೆದಳು. ಮತ್ತೆಂದೂ ಅವಳು ಯಂತ್ರದ ಮಾತು ಎತ್ತಲಿಲ್ಲ. ಒಪ್ಪಿಕೊಂಡಳು ಎಂದು ತಮ್ಮ ಸಮಾಧಾನಪಟ್ಟ.

ಮಾಘ ಮಾಸದಲ್ಲಿ ಅವಳಿಗೆ ಉಸಿರು ಕಷ್ಟವಾಯಿತು. ಡಾಕ್ಟರು ಒಂದು ಮಧ್ಯಾಹ್ನ ಮನೆಗೆ ಬಂದರು. ಬೆಳಗಿನಿಂದ ಯಂತ್ರ ಹಾಕಿಯೇ ಇತ್ತು. ಡಾಕ್ಟರು ಅಕ್ಕನ ಎದುರು ಕೂತು ವಿವರಿಸಿದರು. ಗಂಟಲಿಗೆ ತೂತು ಮಾಡಿ ನಳಿಕೆ ಹಾಕಿದರೆ ಇನ್ನೂ ಕೆಲವು ವರ್ಷ ಬದುಕಬಹುದು. ಹಾಕದಿದ್ದರೆ ಕೆಲವು ವಾರ. ನಳಿಕೆಯ ಬದುಕು ಸುಲಭವಲ್ಲ. ಬೇಕೋ ಬೇಡವೋ ಎಂದು ನೀವೇ ಹೇಳಬೇಕು.

ಅಕ್ಕ ಬರೆಯತೊಡಗಿದಳು. ಅಕ್ಷರಗಳು ಬಂದವು, ಆದರೆ ಮಾತಾಗಲಿಲ್ಲ. ಅವಳು ಅಳಿಸಿದಳು. ಮತ್ತೆ ಬರೆದಳು. ಅಳಿಸಲು ನೋಡಿದರೆ ಇನ್ನೊಂದು ಅಕ್ಷರ ಬಿತ್ತು. ಅರ್ಧ ಗಂಟೆ ಕಳೆಯಿತು. ಪರದೆಯ ಮೇಲೆ ಹನ್ನೊಂದು ಅಕ್ಷರಗಳು ನಿಂತಿದ್ದವು. ಯಂತ್ರ ಅವನ್ನು ಒಂದಕ್ಕೊಂದು ಸೇರಿಸಿ ಓದಿತು. ಆ ದನಿ ಕೇಳಿ ತಮ್ಮನ ಹೆಂಡತಿ ಒಳಗೆ ಎದ್ದುಹೋದಳು.

ಆಗ ಅಕ್ಕ ಪರದೆಯನ್ನು ಬಿಟ್ಟಳು. ಕಣ್ಣನ್ನು ಮೇಲೆತ್ತಿ ಸೂರು ನೋಡಿದಳು. ಹೌದು ಎನ್ನುವ ಸನ್ನೆ. ಕಣ್ಣಲ್ಲಿ ನೀರು ತುಂಬಿದರೂ ನೋಟ ಕೆಳಗಿಳಿಸಲಿಲ್ಲ.

ಡಾಕ್ಟರೂ ನೋಡಿದರು, ತಮ್ಮನೂ ನೋಡಿದ. ಡಾಕ್ಟರು ಎಚ್ಚರದಿಂದ ಮಾತಾಡಿದರು. ಪ್ರಶ್ನೆ ಅರ್ಥವಾಗಿ ಹೌದು ಎನ್ನುತ್ತಿದ್ದಾರೋ, ಸುಮ್ಮನೆ ಮೇಲೆ ನೋಡುತ್ತಿದ್ದಾರೋ ನಾನು ಹೇಳಲಾರೆ. ಅವರ ಬರಹ ನೀವು ನೋಡಿದಿರಿ. ಅವರ ಪರವಾಗಿ ನೀವೇ ಹೇಳಬೇಕು.

ತಮ್ಮ ಅಕ್ಕನ ಕಣ್ಣು ನೋಡಲಿಲ್ಲ. ಪರದೆಯ ಮೇಲಿನ ಹನ್ನೊಂದು ಅಕ್ಷರಗಳನ್ನು ನೋಡಿದ. ಅರಿವೇ ಇಲ್ಲದವಳನ್ನು ನಳಿಕೆ ಹಾಕಿ ಉಳಿಸುವುದು ಹಿಂಸೆ, ಬೇಡ ಎಂದ. ಅವಳ ಮೇಲಿನ ಪ್ರೀತಿಯಿಂದಲೇ ಹೇಳಿದ. ಅವಳಿಗೆ ಆಯಾಸವಾಗದಿರಲಿ ಎಂದು ಅದೇ ಸಂಜೆ ಯಂತ್ರದ ವೈರು ಕಿತ್ತು, ಪರದೆಗೆ ಬಟ್ಟೆ ಮುಚ್ಚಿದ.

ಅಕ್ಕ ಹತ್ತೊಂಬತ್ತು ದಿನ ಬದುಕಿದಳು. ಅವನು ಹತ್ತಿರ ಬಂದಾಗಲೆಲ್ಲ ಮೇಲೆ ನೋಡುತ್ತಿದ್ದಳು. ಅವನು ಹಣೆ ಸವರಿ, ಮಲಗಕ್ಕ ಎನ್ನುತ್ತಿದ್ದ.

ಮುಂದಿನ ಆಯುಧಪೂಜೆಯ ಹೊತ್ತಿಗೆ ಬೇರೊಂದು ಊರಿನವರು ಬಂದರು. ಅವರ ಮನೆಯಲ್ಲೂ ಅದೇ ರೋಗ. ಆ ಯಂತ್ರ ಕೊಡುವಿರಾ ಎಂದು ಕೇಳಿದರು. ಕೊಡುತ್ತೇನೆ, ಪರೀಕ್ಷೆ ಮಾಡಿ ಕೊಡುತ್ತೇನೆ ಎಂದ. ಬೇರೆಯವರ ಮನೆಗೆ ಹೋಗುವ ಯಂತ್ರ. ಅದಕ್ಕೇ ಈ ಸಲ ಅವನು ಅಕ್ಕನ ಕುರ್ಚಿಯಲ್ಲಿ ಕೂತ.

ಮೊದಲು ಅಕ್ಷರಗಳು ಸರಿಯಾಗಿ ಬಂದವು. ಕಾಲು ಗಂಟೆ ಆಗುವಷ್ಟರಲ್ಲಿ ತಡವರಿಸತೊಡಗಿದವು. ಅವನು ತನ್ನ ಹೆಸರನ್ನು ಬರೆಯಲು ನೋಡಿದ. ಬರಲಿಲ್ಲ. ಇನ್ನೂ ನಿಧಾನವಾಗಿ, ಒಂದೊಂದೇ ಅಕ್ಷರವನ್ನು ದಿಟ್ಟಿಸಿ ನೋಡಿದ. ಪರದೆಯ ಮೇಲೆ ಬಿದ್ದದ್ದು ಯಾರ ಹೆಸರೂ ಅಲ್ಲ. ಅವನ ಬುದ್ಧಿಯಲ್ಲಿ ಯಾವ ಮಂಕೂ ಇರಲಿಲ್ಲ.

ಅವನು ಬಿಸಿಯ ಅಂಕಿ ತರಿಸಿ ನೋಡಿದ. ನೀರು ಕುದಿಯುವುದಕ್ಕೆ ಸ್ವಲ್ಪವೇ ಕಡಿಮೆ. ಯಂತ್ರ ಆರಿಸಿ, ತಣ್ಣಗಾಗುವವರೆಗೆ ಕಾದು, ಕೂಲರ್ ಎತ್ತಿದ. ಪೇಸ್ಟ್ ಹರಿದು ತುಂಡುತುಂಡಾಗಿ ಒಣಗಿತ್ತು. ನಟ್ಟನಡುವೆ ಅಂಗುಷ್ಠದಷ್ಟು ಜಾಗದಲ್ಲಿ ಲೋಹ ಬರಿದಾಗಿ ಹೊಳೆಯುತ್ತಿತ್ತು. ಆಗ ಅವನಿಗೆ ಖಾಲಿ ಟ್ಯೂಬ್ ನೆನಪಾಯಿತು.

ಎರಡೂ ಮುಖಗಳನ್ನು ಒರೆಸಿದ. ತೊಗರಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಕೂಲರ್ ಕೂರಿಸಿದ. ಹತ್ತು ನಿಮಿಷದ ಕೆಲಸ. ಮತ್ತೆ ಅಕ್ಕನ ಕುರ್ಚಿಯಲ್ಲಿ ಕೂತು ಸಂಜೆಯವರೆಗೆ ಬರೆದ. ಒಂದು ಅಕ್ಷರವೂ ತಪ್ಪಲಿಲ್ಲ. ಕೊನೆಗೆ “ಅಕ್ಕ” ಎಂದು ಬರೆದ. ಯಂತ್ರ ಅವಳ ದನಿಯಲ್ಲೇ ಅದನ್ನು ಓದಿ ಹೇಳಿತು. ಉತ್ತರ ಕೊಡಬೇಕಾದವಳು ಇರಲಿಲ್ಲ.

ಅವನು ಯಂತ್ರವನ್ನು ಆ ಊರಿನವರಿಗೆ ಕೊಟ್ಟ. ಆ ವರ್ಷ ಅಂಗಡಿಯಲ್ಲಿ ಪೂಜೆ ಮಾಡಲಿಲ್ಲ. ಆಮೇಲೆ ಬಂದ ಯಾವ ವರ್ಷವೂ ಮಾಡಲಿಲ್ಲ.

ಮಾತಾಜಿ ಕತೆ ನಿಲ್ಲಿಸಿದರು. ಸುಗುಣಾ ತಲೆಯೆತ್ತಿದಳು. ಅವಳ ಬೆನ್ನು ನೆಟ್ಟಗಿತ್ತು.

“ಅವನು ನಿಯಮ ಮುರಿದ ಮಾತಾಜಿ. ಒರೆಸಿ ಹಚ್ಚಬೇಕೆಂದು ಗೊತ್ತಿದ್ದೂ ಹಚ್ಚಲಿಲ್ಲ. ನಾನು ಹಾಗಲ್ಲ. ಹೊಲಿಗೆ ಬಿಚ್ಚಿ ನೋಡಿದ್ದೇನೆ. ಆ ಹಾಸಿಗೆಯಲ್ಲಿ ನಾನು ನೋಡದೆ ಉಳಿದದ್ದು ಏನೂ ಇಲ್ಲ.”

“ಹಾಸಿಗೆ ನೋಡಿದೆ,” ಎಂದರು ಮಾತಾಜಿ. “ತುಂಗಾಬಾಯಿಯ ಬೆನ್ನು ನೋಡಿದೆಯಾ?”